ಸಣ್ಣ ಗಿಟಾರ್, ಹಳೇ ಕಟ್ಟುವಿಕೆ: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: 1930ರ ಕಾಲದ ಸಣ್ಣ ಗಿಟಾರಿನ ನಕ್ಷೆ ಇಟ್ಟುಕೊಂಡು ಟಾಪ್ ಹಲಗೆಯನ್ನು (ಮುಂಭಾಗದ ಮುಚ್ಚಳ) ಸರಿಯಾಗಿ 2.5 ಮಿ.ಮೀ. ದಪ್ಪಕ್ಕೆ ತಂದೆ. ಆರು ತಿಂಗಳಲ್ಲಿ ಸೌಂಡ್‌ಹೋಲ್ (ನಡುವಿನ ದುಂಡು ರಂಧ್ರ) ಮುಂದಿನ ಭಾಗ ಕುಸಿದಿದೆ, ಬ್ರಿಡ್ಜ್ (ತಂತಿಗಳ ಕೆಳತುದಿ ಕಟ್ಟುವ ಮರದ ತುಂಡು) ಹಿಂದೆ ಉಬ್ಬಿದೆ. ಅಳತೆ ತಪ್ಪಿದ್ದೆಲ್ಲಿ?

ಅಳತೆ ತಪ್ಪಿಲ್ಲ, ಅದು ಬೇರೆ ಮರದ ಅಳತೆ. ನಕ್ಷೆ ಬರೆದವರು ಅಳೆದದ್ದು ಒಂದು ನಿರ್ದಿಷ್ಟ ಗಿಟಾರಿನ ಸ್ಪ್ರೂಸ್ ಮರದ ಹಲಗೆಯನ್ನು. ನಿಮ್ಮ ಹಲಗೆ ಅದಕ್ಕಿಂತ ಮೆತ್ತಗಿದ್ದರೆ ಅದೇ 2.5 ಸಾಲುವುದಿಲ್ಲ. ಹಲಗೆಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2.5ರ ಬದಲು 2.8 ಇಟ್ಟರೆ ತೂಕ ಏರುವುದು ಶೇ. 12, ಬಿಗಿ ಏರುವುದು ಶೇ. 40. ಕೈಗೆ ಗೊತ್ತೇ ಆಗದ 0.3 ಮಿ.ಮೀ. ಮಾಡುವ ಕೆಲಸ ಇದು.

ಮುಂದಿನ ಸಲ ಹೀಗೆ ಮಾಡಿ. ಟಾಪ್‌ನ ಎರಡು ಅರ್ಧಗಳನ್ನು ಜೋಡಿಸುವ ಮೊದಲು ಒಂದನ್ನು 200 ಮಿ.ಮೀ. ಅಗಲ, ಎಲ್ಲ ಕಡೆ ಸಮನಾಗಿ 3 ಮಿ.ಮೀ. ದಪ್ಪಕ್ಕೆ ತನ್ನಿ. ಎಳೆಯ ಉದ್ದಕ್ಕೆ 400 ಮಿ.ಮೀ. ಅಂತರದಲ್ಲಿ ಎರಡು ಕೋಲುಗಳ ಮೇಲಿಟ್ಟು, ನಡುವೆ ಅಡ್ಡಪಟ್ಟಿಯೊಂದರ ಮೂಲಕ 1 ಕಿಲೋ ಭಾರ ಹೇರಿ ಎಷ್ಟು ಬಗ್ಗಿತೆಂದು ಡಯಲ್ ಗೇಜ್‌ನಲ್ಲಿ ನೋಡಿ. 2.5 ಮಿ.ಮೀ. ಆಸುಪಾಸು ಬಗ್ಗಿದರೆ ಅದು ನಡುಮಟ್ಟದ ಸ್ಪ್ರೂಸ್, ಟಾಪ್‌ನ ದಪ್ಪ ನಡುವೆ 2.6, ಕೆಳಹೊಟ್ಟೆಯ (ಬ್ರಿಡ್ಜ್ ಇರುವ ಅಗಲ ಭಾಗ) ಅಂಚಿಗೆ 2.3 ಸಾಕು. 3.3 ಬಗ್ಗಿದರೆ ನಡುವೆ 2.8ಕ್ಕಿಂತ ಕೆಳಗಿಳಿಯಬೇಡಿ. 2 ಮಿ.ಮೀ. ಮಾತ್ರ ಬಗ್ಗಿದರೆ ಅದೃಷ್ಟ, 2.4ಕ್ಕೆ ಧೈರ್ಯವಾಗಿ ಇಳಿಸಬಹುದು.

ಈಗಿನ ಗಿಟಾರಿನ ವಿಷಯ. ಬ್ರಿಡ್ಜ್ ಹಿಂದೆ ಸ್ವಲ್ಪ ಉಬ್ಬುವುದು ಸಹಜ, ಅದಕ್ಕೆ ಹೆದರಬೇಡಿ. ಕುಸಿತ ಸಹಜವಲ್ಲ. ಒಳಗೆ ಕನ್ನಡಿ ಹಾಕಿ ಎಕ್ಸ್ ಬ್ರೇಸ್ (ಟಾಪ್‌ನ ಒಳಮೈಗೆ X ಆಕಾರದಲ್ಲಿ ಅಂಟಿಸಿದ ಆಸರೆ ಪಟ್ಟಿಗಳು) ಕೂಡುವ ಜಾಗ ನೋಡಿ. ಅಲ್ಲಿ ಎರಡು ಪಟ್ಟಿಗಳನ್ನು ಅರ್ಧರ್ಧ ಕೊರೆದು ಒಂದರೊಳಗೊಂದು ಕೂರಿಸಿರುತ್ತೀರಿ. ಒಂದರ ಕೊರೆತದ ಬಾಯಿ ಟಾಪ್ ಕಡೆಗೆ, ಇನ್ನೊಂದರದ್ದು ಪೆಟ್ಟಿಗೆಯ ಒಳಗಡೆಗೆ. ಟಾಪ್ ಕೆಳಗೆ ಬಗ್ಗಿದಾಗ ಪಟ್ಟಿಯ ಒಳಮೈ ಎಳೆತಕ್ಕೆ ಸಿಗುತ್ತದೆ, ಒಳಗಡೆ ತೆರೆದ ಬಾಯಿ ಇನ್ನಷ್ಟು ಅಗಲಿಸುತ್ತದೆ. ಅಷ್ಟು ಹೊತ್ತಿಗೆ ಆ ಪಟ್ಟಿ ಅರ್ಧ ಎತ್ತರದ ಪಟ್ಟಿಯಷ್ಟೇ ಕೆಲಸ ಮಾಡುತ್ತಿರುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿಯ ಹಳೆಯ ಗಿಟಾರುಗಳಲ್ಲಿ ಆ ಕೂಡುಸ್ಥಳಕ್ಕೆ ಅಂಟಿನಲ್ಲಿ ಅದ್ದಿದ ಬಟ್ಟೆಯ ತುಂಡು ಹಚ್ಚುತ್ತಿದ್ದುದು ಅದಕ್ಕೇ. ಬಟ್ಟೆಗಿಂತ 1.5 ಮಿ.ಮೀ. ಸ್ಪ್ರೂಸ್ ಚಕ್ಕೆಯೇ ವಾಸಿ: ಎಳೆ ಆ ಪಟ್ಟಿಯ ಉದ್ದಕ್ಕೇ ಇರಲಿ, ಕೊರೆತದ ಎರಡೂ ಕಡೆ 20 ಮಿ.ಮೀ. ಚಾಚಲಿ. ತಂತಿ ಸಡಿಲಿಸಿ, ಒಳಗಿಂದ ಜ್ಯಾಕ್ ಕೊಟ್ಟು ಟಾಪ್ ಎತ್ತಿಟ್ಟುಕೊಂಡೇ ಅಂಟಿಸಬೇಕು.

ಪ್ರಶ್ನೆ: 12 ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಗೆರೆ) ದೇಹ ಕೂಡುವುದು ಒಳ್ಳೆಯದೋ, 14ಕ್ಕೋ? ನೋಟದ ವ್ಯತ್ಯಾಸವೇ, ಸದ್ದಿನದ್ದೇ?

ಸದ್ದಿನದ್ದು. ತಂತಿಯ ಉದ್ದ 632 ಮಿ.ಮೀ. ಎಂದಿಟ್ಟುಕೊಳ್ಳಿ, ಮಾರ್ಟಿನ್‌ನ ಸಣ್ಣ ದೇಹದ 0, 00, 000 ಅಳತೆಗಳ ಸಾಂಪ್ರದಾಯಿಕ 24.9 ಇಂಚು ಅದೇ. 12ನೇ ಫ್ರೆಟ್‌ನಿಂದ ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) 316 ಮಿ.ಮೀ., 14ನೆಯದರಿಂದ 281.5. ಅಂದರೆ 12 ಫ್ರೆಟ್‌ನ ಗಿಟಾರಿನಲ್ಲಿ ಬ್ರಿಡ್ಜ್ ಸುಮಾರು 34 ಮಿ.ಮೀ. ಕೆಳಗೆ, ಕೆಳಹೊಟ್ಟೆಯ ನಡುಮಧ್ಯಕ್ಕೆ ಹತ್ತಿರ ಕೂರುತ್ತದೆ. ಹಲಗೆ ಅತಿ ಸಲೀಸಾಗಿ ಕುಣಿಯುವ ಜಾಗ ಅದು. ಸಣ್ಣ ಪೆಟ್ಟಿಗೆಗೆ ಮಂದ್ರದ ಕೊರತೆ ಇದ್ದೇ ಇರುವುದರಿಂದ ಈ ಲಾಭ ಬಿಡುವಂಥದ್ದಲ್ಲ. ಮೇಲಿನ ಫ್ರೆಟ್‌ಗಳಲ್ಲೇ ನುಡಿಸುವವರಿಗೆ ಮಾತ್ರ 14 ಬೇಕು.

ಮಾರ್ಟಿನ್ 14 ಫ್ರೆಟ್‌ನ ಒ.ಎಂ. ಮಾದರಿ ತಂದದ್ದು 1929ರಲ್ಲಿ. ಅದರ ತಂತಿಯ ಉದ್ದ 25.4 ಇಂಚು. ಆ ನಕ್ಷೆಯ ಫ್ರೆಟ್‌ಬೋರ್ಡನ್ನು 00 ದೇಹಕ್ಕೆ ಹಾಕಿ ಬ್ರಿಡ್ಜ್ ಎಲ್ಲೋ ಅಂಟಿಸುವ ಎಡವಟ್ಟು ಹೊಸಬರಲ್ಲಿ ಸಾಮಾನ್ಯ. ಫ್ರೆಟ್‌ಬೋರ್ಡ್ ಕೈಯಲ್ಲಿ ಇದ್ದರೆ ಮೊದಲು ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಒಂದನೇ ಫ್ರೆಟ್‌ಗೆ ಅಳೆಯಿರಿ: 632ಕ್ಕೆ 35.5 ಮಿ.ಮೀ. ಬರಬೇಕು.

ಪ್ರಶ್ನೆ: ಹೈಡ್ ಗ್ಲೂ (ಪ್ರಾಣಿ ಚರ್ಮದ ಅಂಟು) ಬಳಸಿ ಬ್ರೇಸ್ ಅಂಟಿಸಿದೆ. ಬೆರಳಲ್ಲಿ ಒತ್ತಿದರೆ ಕಿತ್ತುಬಂತು. ಅಂಟು ಹಾಳಾಗಿತ್ತೇ?

ಕಿತ್ತ ಜಾಗ ನೋಡಿ. ಎರಡೂ ಮೈ ಮೇಲೆ ಹೊಳಪಿನ ಅಂಟಿನ ಪದರ ಇದ್ದು ಮರದ ಎಳೆ ಒಂದೂ ಕಿತ್ತಿಲ್ಲವೆಂದರೆ, ನೀವು ಕ್ಲ್ಯಾಂಪ್ ಹಾಕುವಷ್ಟರಲ್ಲಿ ಅಂಟು ಹೆಪ್ಪುಗಟ್ಟಿತ್ತು. ದೂರು ಬರುವುದೆಲ್ಲ ಹೆಚ್ಚುಕಡಿಮೆ ಇದೇ.

192 ಗ್ರಾಂ ಬಲದ (ಅಂಟಿನ ಬಲದ ದರ್ಜೆ ಇದು) ಅಂಟಿನ ಕಾಳು ತನ್ನಿ. 20 ಗ್ರಾಂ ಕಾಳಿಗೆ 36 ಗ್ರಾಂ ತಣ್ಣೀರು, ಒಂದು ಗಂಟೆ ನೆನೆಯಲಿ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಅಂಟು 60 ಡಿಗ್ರಿ ಸೆಲ್ಸಿಯಸ್‌ಗೆ ಬರುವಂತೆ ನೋಡಿಕೊಳ್ಳಿ. 70 ದಾಟಿಸಿದರೆ ಬಲ ಕಳೆದುಕೊಳ್ಳುತ್ತದೆ, ನೇರ ಒಲೆ ಮೇಲಂತೂ ಇಡಲೇಬಾರದು. ಕುಂಚ ಎತ್ತಿದಾಗ ಎಳೆ ಕಡಿಯದೆ ತೆಳ್ಳಗೆ ಧಾರೆಯಾಗಿ ಇಳಿದರೆ ಹದ. ಹನಿಹನಿಯಾಗಿ ಬಿದ್ದರೆ ನೀರಾಯಿತು, ಮುದ್ದೆಯಾಗಿ ಜಾರಿದರೆ ಗಟ್ಟಿಯಾಯಿತು, ಒಂದು ಚಮಚ ಬಿಸಿನೀರು ಬೆರೆಸಿ.

ಕೋಣೆ ಬೆಚ್ಚಗಿರಲಿ, ಗಾಳಿ ಬೀಸದಿರಲಿ. ಹಲಗೆ, ಪಟ್ಟಿ ಎರಡನ್ನೂ ಹೇರ್ ಡ್ರೈಯರ್‌ನಿಂದ ಮೈ ಬೆಚ್ಚಗಾಗುವಷ್ಟು ಕಾಯಿಸಿ. ಅಂಟಿಲ್ಲದೆ ಒಮ್ಮೆ ಪೂರ್ತಿ ಕ್ಲ್ಯಾಂಪ್ ಹಾಕಿ ತೆಗೆದು ಕೈ ಪಳಗಿಸಿಕೊಳ್ಳಿ. ಕುಂಚ ಇಟ್ಟ ಗಳಿಗೆಯಿಂದ ಕೊನೆಯ ಕ್ಲ್ಯಾಂಪ್‌ವರೆಗೆ ನಿಮಗಿರುವುದು ಹೆಚ್ಚೆಂದರೆ 20 ಸೆಕೆಂಡ್. ಪಕ್ಕಕ್ಕೆ ಉಕ್ಕಿದ ಅಂಟು ರಬ್ಬರಿನಂತಾದಾಗ ಉಳಿಯಿಂದ ಸಿಪ್ಪೆಯಂತೆ ಏಳುತ್ತದೆ. ಪಟ್ಟಿ ಕೆತ್ತುವುದು ಮಾರನೇ ದಿನ. ಅಂಟಿನ ನೀರಿಗೆ ಮರ ಉಬ್ಬಿರುತ್ತದೆ.

ಕೋಣೆಯ ತೇವವೂ ಮುಖ್ಯ. ಬ್ರೇಸ್ ಅಂಟಿಸುವಾಗ ಆರ್ದ್ರತೆ ಶೇ. 40ರಿಂದ 45 ಇರಲಿ. ತೇವದಲ್ಲಿ ಅಂಟಿಸಿದ ಹಲಗೆ ಒಣಹವೆಯಲ್ಲಿ ಅಡ್ಡಕ್ಕೆ ಕುಗ್ಗಲು ನೋಡುತ್ತದೆ, ಬ್ರೇಸ್ ಬಿಡುವುದಿಲ್ಲ. ಕೊನೆಗೆ ಹಲಗೆಯೇ ಸೀಳುತ್ತದೆ.

ಪ್ರಶ್ನೆ: ಹಳೇ ಪದ್ಧತಿ ಎಂದ ಮೇಲೆ ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಲೋಹದ ಸರಳು) ಬಿಡಬೇಕೇ?

ಬೇಡ, ಹಾಕಿ. ತಿರುಗಿಸಬಹುದಾದ ರಾಡ್ ಮಾರ್ಟಿನ್‌ಗೆ ಬಂದದ್ದು 1985ರಲ್ಲಿ, ನಿಜ. ಆದರೆ ಇನ್ನೊಂದು ಅಮೆರಿಕನ್ ಕಂಪನಿ ಗಿಬ್ಸನ್ 1920ರ ದಶಕದಲ್ಲೇ ಹಾಕುತ್ತಿತ್ತು, ಹಾಗಾಗಿ ಸಂಪ್ರದಾಯಭಂಗವೇನಿಲ್ಲ. ತೂಕ ತೀರ ಕಡಿಮೆ ಬೇಕಿದ್ದರೆ ಎರಡು ಕಾರ್ಬನ್ ಫೈಬರ್ ಪಟ್ಟಿ ಸಾಕು, ಆದರೆ ಆಮೇಲೆ ಬಾಗನ್ನು ಸರಿಪಡಿಸಲು ಇರುವ ದಾರಿ ಫ್ರೆಟ್ ಕಿತ್ತು ಉಜ್ಜುವುದೊಂದೇ.

ಪ್ರಶ್ನೆ: 12ನೇ ಫ್ರೆಟ್ ಮೇಲೆ ದಪ್ಪ ಇ ತಂತಿ 4 ಮಿ.ಮೀ. ಎತ್ತರ ಇದೆ. ಸ್ಯಾಡಲ್ ಇನ್ನು ಇಳಿಸಲು ಉಳಿದಿಲ್ಲ. ನೆಕ್ (ಕತ್ತು) ಬಿಚ್ಚಲೇಬೇಕೇ? ಎಷ್ಟು ತೆಗೆಯಬೇಕು?

ನೆಕ್ ಮುಟ್ಟುವ ಮುಂಚೆ ಎರಡು ನೋಡಿ: ನೆಕ್‌ನ ಬಾಗು 0.25 ಮಿ.ಮೀ. ಮೀರಿಲ್ಲವಷ್ಟೇ? ಒಳಗೆ ಯಾವ ಬ್ರೇಸೂ ಬಿಟ್ಟಿಲ್ಲವಷ್ಟೇ? ಎರಡೂ ಸರಿಯಿದ್ದರೆ ಬಿಚ್ಚಬೇಕು.

ಲೆಕ್ಕ ಸುಲಭ. 2.4 ಮಿ.ಮೀ. ಬೇಕು, ಇರುವುದು 4. 12ನೇ ಫ್ರೆಟ್‌ನಲ್ಲಿ 1.6 ಇಳಿಯಬೇಕೆಂದರೆ ಸ್ಯಾಡಲ್‌ನಲ್ಲಿ ಅದರ ದುಪ್ಪಟ್ಟು, 3.2. ಅದನ್ನು ಹೀಲ್‌ನ (ದೇಹಕ್ಕೆ ಕೂಡುವಲ್ಲಿ ಕತ್ತಿನ ಬುಡ) ಉದ್ದದಿಂದ ಗುಣಿಸಿ, ದೇಹದ ಅಂಚಿನಿಂದ ಸ್ಯಾಡಲ್‌ವರೆಗಿನ ದೂರದಿಂದ ಭಾಗಿಸಿ. ಹೀಲ್ 85 ಮಿ.ಮೀ., ದೂರ 316 ಆದರೆ ಬರುವುದು 0.86. ಹೀಲ್‌ನ ತುದಿಯಲ್ಲಿ ಅಷ್ಟು, ಫ್ರೆಟ್‌ಬೋರ್ಡ್ ಹತ್ತಿರ ಸೊನ್ನೆ, ಹೀಗೆ ಇಳಿಜಾರಾಗಿ ಉಳಿಯಲ್ಲಿ ತೆಗೆಯಿರಿ. ಅಂಚಿನ ಒಳಭಾಗವನ್ನು ಸ್ವಲ್ಪ ಕೊರೆದಿಟ್ಟು ಹೊರ ಅಂಚನ್ನು ಮಾತ್ರ ಕೂರಿಸಿದರೆ ಸಂದು ಕಾಣುವುದಿಲ್ಲ. ನೆಕ್ ಎಡಬಲಕ್ಕೆ ವಾಲದಂತೆ ಹೀಲ್‌ನ ಎರಡೂ ಕೆನ್ನೆ ಸಮನಾಗಿ ತೆಗೆಯುವುದೇ ನಿಜವಾದ ಕಷ್ಟ. ನಾಲ್ಕು ಸಲ ಉಜ್ಜಿ ಹತ್ತು ಸಲ ಕೂರಿಸಿ ನೋಡಬೇಕು.

ಡವ್‌ಟೇಲ್ (ಕತ್ತು ದೇಹದೊಳಗೆ ಸಿಕ್ಕಿಕೊಳ್ಳುವ ಬೆಣೆಯಾಕಾರದ ಜೋಡಣೆ) ಬಿಚ್ಚಲು 13ನೇ ಫ್ರೆಟ್ ಕಿತ್ತು, ಅದರ ಸೀಳಿನಲ್ಲಿ 2 ಮಿ.ಮೀ. ರಂಧ್ರ ಕೊರೆದು ಹಬೆ ಬಿಡುತ್ತಾರೆ. ಅದಕ್ಕೂ ಮುಂಚೆ ಫ್ರೆಟ್‌ಬೋರ್ಡಿನ ನಾಲಗೆಯನ್ನು ಕಾಯಿಸಿ ಟಾಪ್‌ನಿಂದ ಬಿಡಿಸಿರಬೇಕು. ಮರಳಿ ಕೂರಿಸಿದಾಗ ಆ ನಾಲಗೆಯ ಕೆಳಗೆ ಸಂದು ಬೀಳುತ್ತದೆ. ನಾಲಗೆ 100 ಮಿ.ಮೀ. ಉದ್ದವಿದ್ದರೆ ಸೌಂಡ್‌ಹೋಲ್ ಕಡೆ ತುದಿಯಲ್ಲಿ 1 ಮಿ.ಮೀ., ಇನ್ನೊಂದು ತುದಿಯಲ್ಲಿ ಸೊನ್ನೆ ಇರುವ ಬೆಣೆ ಹಾಕಿ. ಹಾಕದೆ ಒತ್ತಿ ಅಂಟಿಸಿದರೆ 12ನೇ ಫ್ರೆಟ್ ಹತ್ತಿರ ಬೋರ್ಡ್ ಮುರಿದಂತೆ ಇಳಿದುಬಿಡುತ್ತದೆ.

ಹೊಸದಾಗಿ ಕಟ್ಟುವವರಿಗೆ: ತಂತಿ ಹಾಕದಿರುವಾಗ ಫ್ರೆಟ್‌ಗಳ ಮೇಲಿಟ್ಟ ನೇರಪಟ್ಟಿ ಬ್ರಿಡ್ಜ್‌ನ ತಲೆಗಿಂತ 1 ಮಿ.ಮೀ. ಮೇಲೆ ಹಾಯಬೇಕು. ತಂತಿಯ ಎಳೆತಕ್ಕೆ ಟಾಪ್ ಎದ್ದಾಗ ಆ 1 ಮಿ.ಮೀ. ತಾನೇ ಖರ್ಚಾಗುತ್ತದೆ.

ಪ್ರಶ್ನೆ: ಸೈಡ್ (ಪಕ್ಕದ ಹಲಗೆ) ಬಾಗಿಸುವಾಗ ಸೊಂಟದಲ್ಲೇ ಸೀಳುತ್ತದೆ. ಮಹಾಗನಿ, 2.3 ಮಿ.ಮೀ.

ದಪ್ಪ ಜಾಸ್ತಿ. 1.9ಕ್ಕೆ ತನ್ನಿ, ಸಣ್ಣ ದೇಹದ ಸೊಂಟದ ತಿರುವು ದೊಡ್ಡ ಗಿಟಾರಿನದ್ದಕ್ಕಿಂತ ಬಿಗಿ. ಬಾಗಿಸುವ ಬಿಸಿ ಕೊಳವೆ ಮೇಲೆ ನೀರು ಚಿಮುಕಿಸಿದರೆ ಹನಿ ಕುಣಿದು ಓಡಬೇಕು, ಅಷ್ಟು ಕಾವು. ಕೊಳವೆಗೆ ತಾಗದ ಹೊರಮೈಗೆ 0.3 ಮಿ.ಮೀ. ಉಕ್ಕಿನ ತೆಳುಪಟ್ಟಿ ಆನಿಸಿ ಒತ್ತಿ, ಸೀಳುವ ಎಳೆಗಳನ್ನು ಅದು ಹಿಡಿದಿಡುತ್ತದೆ. ಮರ ಮೆತ್ತಗಾದದ್ದು ಕೈಗೆ ತಿಳಿಯುತ್ತದೆ, ಅಲ್ಲಿವರೆಗೆ ಒತ್ತಡ ಹೆಚ್ಚಿಸಬೇಡಿ. ಮಹಾಗನಿಯನ್ನು ನೀರಲ್ಲಿ ಗಂಟೆಗಟ್ಟಲೆ ನೆನೆಸುವುದೂ ಬೇಡ, ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಎರಡೂ ಮೈ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.