40 ಸೆಕೆಂಡಿನ ಉತ್ತರ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಗಂಡ ಬೆಳ್ಳಂದೂರಿನ ಕಂಪನಿಯೊಂದರಲ್ಲಿ ವೆಬ್‌ಸೈಟ್ ಮಾಡುವವರು. ಹೆಂಡತಿಗೆ ಬ್ಯಾಂಕ್ ನೌಕರಿ. ಮದುವೆಯಾಗಿ 11 ವರ್ಷ. ಜಯನಗರದ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂತ ಐದೇ ನಿಮಿಷಕ್ಕೆ ಜಗಳ 'ರೆಸ್ಪಾನ್ಸಿವ್', ಅಂದರೆ ಸ್ಪಂದಿಸುವವರು, ಎಂಬ ಒಂದು ಪದದ ಸುತ್ತ ಅಂತ ಗೊತ್ತಾಯಿತು.

"ಆಫೀಸಲ್ಲಿ ಪ್ರತಿ ವರ್ಷ ನನ್ನ ಅಪ್ರೈಸಲ್‌ನಲ್ಲಿ 'ವೆರಿ ರೆಸ್ಪಾನ್ಸಿವ್' ಅಂತ ಬರೀತಾರೆ ಮೇಡಂ. ಮನೇಲಿ ನೋಡಿದ್ರೆ ನಾನು ಕಲ್ಲಂತೆ."

ಗಂಡ ಸಾಕ್ಷಿಗೆ ಫೋನ್ ತೆಗೆದು ತೋರಿಸಿದರು. ಊರಲ್ಲಿ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ ಎಂದು ಹೆಂಡತಿ ಮಧ್ಯಾಹ್ನ ಮೆಸೇಜ್ ಹಾಕಿದ್ದರು. 40 ಸೆಕೆಂಡಿನಲ್ಲಿ ಉತ್ತರ ಹೋಗಿದೆ: ಇಬ್ಬರು ಮೂಳೆ ಡಾಕ್ಟರ ಲಿಂಕ್. ಸಂಜೆ ಮನೆಗೆ ಬಂದ ಮೇಲೆ ಆ ಮಾತೇ ಇಲ್ಲ. ಅವರ ಆಫೀಸಿನ ಭಾಷೆಯಲ್ಲಿ ಟಿಕೆಟ್ ಕ್ಲೋಸ್, ಅಂದರೆ ದೂರು ಬಗೆಹರಿದು ಮುಗಿದಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ರೆಸ್ಪಾನ್ಸಿವ್ ಆಗಿರುವುದಕ್ಕೆ 'ಸ್ಪಂದನಶೀಲತೆ' ಅಂತ ಪಾಠ ಶುರು ಮಾಡಿಬಿಟ್ಟೆ. ಹ್ಯಾರಿ ರೀಸ್ ಮತ್ತು ಫಿಲಿಪ್ ಶೇವರ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ಹೇಳಿದ್ದು: ನನ್ನನ್ನು ಅರ್ಥ ಮಾಡಿಕೊಂಡರು, ನನ್ನ ಮಾತಿಗೆ ಬೆಲೆ ಕೊಟ್ಟರು, ನನ್ನ ಬಗ್ಗೆ ಕಾಳಜಿ ಇದೆ ಎಂದು ಮನಸ್ಸಿನ ಮಾತು ಹೇಳಿಕೊಂಡವರಿಗೆ ಅನಿಸಬೇಕು. ಹೆಂಡತಿ ನಡುವೆಯೇ ಕೇಳಿದರು, "ಮೇಡಂ, ಓಗೊಡೋದು ಅಂತೀವಲ್ಲ, ಅದೇ ತಾನೇ?"

ಅದೇ. ಅಜ್ಜಿ ಕತೆ ಹೇಳುವಾಗ ಹೂಂಗುಟ್ಟುತ್ತಿದ್ದೆವು, ಅಲ್ವಾ? ಹೂಂ ಅಂದರೆ ಎಚ್ಚರವಾಗಿದ್ದೇನೆ ಅಂತ, ಅಷ್ಟೇ. ನಿದ್ದೆಗಣ್ಣಲ್ಲೂ ಹೂಂ ಅನ್ನಬಹುದು. ಹೆಸರು ಹಿಡಿದು ಕರೆದಾಗ ಓ ಅನ್ನುವುದು ಬೇರೆ. ಓ ಅಂದವರು ಕೈಯ ಕೆಲಸ ಬಿಟ್ಟು ಬರುತ್ತಾರೆ ಎಂದು ಕರೆದವರು ಕಾಯುತ್ತಾರೆ. ಮೆಸೇಜಿಗೆ ಹೆಬ್ಬೆರಳಿನ ಚಿತ್ರ ಒತ್ತುವುದು ನನ್ನ ಪ್ರಕಾರ ಬರೀ ಹೂಂ.

"ಹಾಗಾದ್ರೆ ಬೇಗ ಉತ್ತರ ಕೊಡೋದು ತಪ್ಪಾ?" ಗಂಡನಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ನಿಮ್ಮ ಕೆಲಸದಲ್ಲಿ ಈ ಪದಕ್ಕೆ ಏನರ್ಥ ಎಂದು ಕೇಳಿದೆ. ಮುಖ ಅರಳಿತು. ಎರಡು ಅರ್ಥವಂತೆ. ಒಂದು ವೇಗ: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಬಂತು ಅನಿಸುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಇನ್ನೊಂದು, 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವೆಬ್ ವಿನ್ಯಾಸಕ ಹೆಸರಿಟ್ಟ ರೆಸ್ಪಾನ್ಸಿವ್ ವಿನ್ಯಾಸ. ನೋಡುವವರ ಪರದೆ ಎಷ್ಟು ಅಗಲ ಅಂತ ನೋಡಿಕೊಂಡು ಅದೇ ಪುಟ ರೂಪ ಬದಲಿಸುತ್ತದೆ. ಕಂಪ್ಯೂಟರಿನ ಮೂರು ಕಾಲಂ ಮೊಬೈಲಲ್ಲಿ ಒಂದಾಗುತ್ತದೆ.

"ಮನೇಲಿ ಎರಡನೇದು ಮಾಡ್ತಿದ್ದೀರಾ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಇನ್ನೊಂದು ಸಂಗತಿ ಆಮೇಲೆ ಹೊರಬಿತ್ತು. ಆಕೆ ಪ್ರಮೋಷನ್ ಪರೀಕ್ಷೆ ಪಾಸಾದ ದಿನ ಇವರು ಅಂದದ್ದು, "ಗುಡ್. ಟ್ರಾನ್ಸ್‌ಫರ್ ಆಗತ್ತಾ?" ಮಂಡಿನೋವಿನ ಲಿಂಕಿಗಿಂತ ಇದೇ ಜಾಸ್ತಿ ಚುಚ್ಚಿತ್ತು. ನನಗೆ ಅಚ್ಚರಿಯಾಗಲಿಲ್ಲ. ಒಳ್ಳೆ ಸುದ್ದಿಗೆ ಸಂಗಾತಿ ಉತ್ಸಾಹದಿಂದ ಓಗೊಡುವ ಜೋಡಿಗಳಲ್ಲಿ ಸಂಬಂಧದ ತೃಪ್ತಿ ಹೆಚ್ಚು ಎಂದು ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲೇ ತೋರಿಸಿದ್ದಾರೆ. ಕಷ್ಟ ಬಂದಾಗ ಜೊತೆ ನಿಲ್ಲುವುದು ನಮಗೆ ಹೇಗೋ ಬರುತ್ತದೆ. ಸುಖದಲ್ಲಿ ಎಡವುತ್ತೇವೆ.

ಮೊದಲ ದಿನವೇ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯಾ ಎಂದು ಕೇಳಿದ್ದೆ. ಇರಲಿಲ್ಲ. ಇದ್ದಿದ್ದರೆ ಮುಂದಿನ ಸಲಹೆ ಯಾವುದನ್ನೂ ಕೊಡುತ್ತಿರಲಿಲ್ಲ.

ಗಂಡನಿಗೆ ಹೇಳಿದೆ: ಉತ್ತರಕ್ಕೆ ಮೊದಲು ಒಂದು ಪ್ರಶ್ನೆ ಕೇಳಿ. "ನಾನೇನಾದ್ರೂ ಮಾಡ್ಲಾ, ಸುಮ್ನೆ ಕೇಳ್ಲಾ?" ಒಳ್ಳೆ ಸುದ್ದಿ ಬಂದ ದಿನ ಅದರ ತೊಂದರೆಗಳ ಮಾತು ಬೇಡ, ನಾಳೆಗೆ ಇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ಮೇಲೆ 15 ನಿಮಿಷ ಬಿಡುವು ಬೇಕಿದ್ದರೆ ಬಾಯಿಬಿಟ್ಟು ಕೇಳಿ. ಸುಮ್ಮನೆ ಫೋನಿನೊಳಗೆ ಮುಳುಗಬೇಡಿ.

ಹೆಂಡತಿಗೂ ಒಂದು ಮಾತಿತ್ತು, ಅವರಿಗೆ ಅದು ಹಿಡಿಸಲಿಲ್ಲ. ಗಂಡ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿದ್ದಾಗ ಅಡುಗೆಮನೆಯಿಂದ ಕರೆದು, ಓ ಅನ್ನಲಿಲ್ಲ ಎಂದು ಲೆಕ್ಕ ಇಟ್ಟುಕೊಳ್ಳುವುದು ನ್ಯಾಯವಲ್ಲ. ಪರೀಕ್ಷೆ ಮಾಡಬೇಡಿ. "ರೀ, ಈಗ ಡಾಕ್ಟರ್ ಬೇಡ, ಪಕ್ಕದಲ್ಲಿ ಕೂತ್ಕೊಳ್ಳಿ" ಅಂತ ಕೇಳಿಬಿಡಿ. "ಅದನ್ನೂ ನಾನೇ ಹೇಳಬೇಕಾ?" ಅಂದರು. ಸದ್ಯಕ್ಕೆ ಹೇಳಬೇಕು ಅಂದೆ.

ನಾಲ್ಕನೇ ಸಲ ಬಂದಾಗ ಹೇಗಿದೆ ಎಂದು ಕೇಳಿದೆ. ಆಕೆ ನಕ್ಕರು. "ಲಿಂಕ್ ಕಳಿಸೋದು ನಿಂತಿಲ್ಲ ಮೇಡಂ. ಈಗ ಊಟ ಆಗಿ, ಮಾತೆಲ್ಲ ಮುಗಿದ ಮೇಲೆ ಕಳಿಸ್ತಾರೆ."