ಪ್ಯಾಡಲ್ ಬೇಡ, ಸ್ಟಾಪ್‌ವಾಚೂ ಸದ್ಯಕ್ಕೆ ಒಳಗಿಡಿ

ಮೇಡಂ, ನೀವು ಹಾಕಿದ ಮಗಳ ಫ್ರೀಸ್ಟೈಲ್ ಈಜಿನ ವೀಡಿಯೊ ನೋಡಿದೆ. ಒಂಬತ್ತು ವರ್ಷದ ಮಗುವಿಗೆ 200 ಮೀಟರ್ ಸೆಟ್, ಎರಡನೇ ಲೆಂಗ್ತ್‌ಗೇ (ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಲೆಂಗ್ತ್) ಕಾಲು ಮುಳುಗುತ್ತಿದೆ. ನೀವು ದಡದಿಂದ ಟೈಮ್ ಕೂಗುತ್ತಿದ್ದೀರಿ. ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲುಹಲಗೆ) ಜಾಸ್ತಿ ಮಾಡಿಸಲಾ, ಪ್ಯಾಡಲ್ (ಅಂಗೈಗೆ ಕಟ್ಟುವ ಅಗಲ ಹಲಗೆ) ಕೊಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹೀಗೆ ಕಲಿತ ಮಕ್ಕಳು ನನ್ನ ಬ್ಯಾಚಿಗೆ ಬಂದಾಗ ಕಲಿಸುವುದಕ್ಕಿಂತ ಬಿಡಿಸುವ ಕೆಲಸವೇ ಜಾಸ್ತಿ.

ಅವಳು ಮುಂದೆ ನೋಡುತ್ತಾ ಈಜುತ್ತಿದ್ದಾಳೆ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಕಾಲೂ ಅದರ ಹಿಂದೆಯೇ. ಬೋರ್ಡ್ ಹಿಡಿದು ಮುಖ ಮೇಲಿಟ್ಟು ಕಿಕ್ ಮಾಡಿದರೆ ಅದೇ ಭಂಗಿ ಇನ್ನೂ ಗಟ್ಟಿಯಾಗುತ್ತದೆ, ಅಲ್ವಾ? ಅದರ ಬದಲು ಅಂಗಾತ ಮಲಗಿ ಸ್ಟ್ರೀಮ್‌ಲೈನ್‌ನಲ್ಲಿ, ಅಂದರೆ ಎರಡೂ ಕೈ ತಲೆಯಾಚೆ ನೇರ ಚಾಚಿ, ಕಿಕ್ ಮಾಡಿಸಿ. ಉಸಿರಿಗೆ ತಿರುಗಿದಾಗ ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಇರಲಿ. ಉಸಿರು ನೀರಲ್ಲೇ ಬಿಡಬೇಕು. ಇಲ್ಲದಿದ್ದರೆ ಆ ಒಂದು ಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು, ತಲೆ ಎದ್ದೇ ಏಳುತ್ತದೆ.

ಈಗ ಮುಖ್ಯ ವಿಷಯ. 25 ಮೀಟರ್ ಮಾತ್ರ ಹೊಡೆಸಿ, ಉಸಿರು ಸಮ ಆಗುವವರೆಗೆ ಗೋಡೆ ಹಿಡಿದು ನಿಲ್ಲಲಿ. ಒಂದು ಲೆಂಗ್ತ್‌ಗೆ ಎಷ್ಟು ಸ್ಟ್ರೋಕ್ (ಕೈ ಬೀಸು) ಅಂತ ಅವಳೇ ಎಣಿಸಲಿ, ನೀವಲ್ಲ. ಎಣಿಸುವ ಮಗುವಿನ ಗಮನ ಕೈ ಮೇಲೆ ಇರುತ್ತದೆ. ಮೊದಲು 22 ಬರುತ್ತಿದ್ದದ್ದು 25ಕ್ಕೆ ಹೋಯಿತೋ, ಅವತ್ತಿನ ಫ್ರೀಸ್ಟೈಲ್ ಅಲ್ಲಿಗೆ ಮುಗಿಯಿತು. ಬ್ಯಾಕ್‌ಸ್ಟ್ರೋಕ್ (ಅಂಗಾತ ಈಜು) ಮಾಡಿಸಿ, ಇಲ್ಲ ಆಡಲು ಬಿಡಿ. ದಣಿದ ಮೇಲೆ ಹೊಡೆದ ಕೆಟ್ಟ ಸ್ಟ್ರೋಕನ್ನೂ ದೇಹ ಕಲಿತುಬಿಡುತ್ತದೆ.

ಆದರೆ ಮಕ್ಕಳು ಕಿಲಾಡಿಗಳು. ಲೆಕ್ಕ ಇಳಿಸಲು ಕೈ ಮುಂದೆ ಚಾಚಿ ಸುಮ್ನೆ ತೇಲುತ್ತಾರೆ. ಒಂದು ಕೈ ಸತ್ತಂತೆ ನಿಂತರೆ ಆ ಲೆಂಗ್ತ್ ಲೆಕ್ಕಕ್ಕಿಲ್ಲ ಅನ್ನಿ. ಗೋಡೆ ಒದ್ದು ನೀರೊಳಗೇ ದೂರ ಹೋಗುವುದೂ ಉಂಟು. ಕೊಳದ ಮೇಲೆ ಅಡ್ಡ ಕಟ್ಟಿದ ಬ್ಯಾಕ್‌ಸ್ಟ್ರೋಕ್ ಬಾವುಟಗಳು ಗೋಡೆಯಿಂದ 5 ಮೀಟರ್‌ಗೆ ಇರುತ್ತವೆ, ಪ್ರತಿ ಸಲ ಅಲ್ಲೇ ಮೇಲೆ ಬರಲಿ. ಪಕ್ಕದ ಲೇನ್ ಹುಡುಗನ ಲೆಕ್ಕದ ಜೊತೆ ಹೋಲಿಸಬೇಡಿ, ಎತ್ತರದ ಮಗುವಿಗೆ ಕಡಿಮೆಯೇ ಬರುತ್ತದೆ. ದಿಢೀರನೆ ಬೆಳೆಯುವ ವಯಸ್ಸಿನಲ್ಲಿ ಸ್ವಲ್ಪ ದಿನ ಟೈಮಿಂಗ್ ಕೆಡುತ್ತದೆ, ಆಗ ಬೈಯಬೇಡಿ.

ಇನ್ನು ಪ್ಯಾಡಲ್. ವೀಡಿಯೊದಲ್ಲಿ ಅವಳ ಬಲಗೈ ತಲೆಯ ಮುಂದೆ ಮೈಯ ನಡುಗೆರೆ ದಾಟುತ್ತಿದೆ. ಅದೇ ತಪ್ಪಿಗೆ ಪ್ಯಾಡಲ್ ಸೇರಿದರೆ ಭಾರವೆಲ್ಲ ಭುಜಕ್ಕೆ. ಏನಾದರೂ ಕೊಳ್ಳಲೇಬೇಕು ಅಂದರೆ ಮುಖದ ಮಧ್ಯೆ ಬರುವ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಕೊಳ್ಳಿ, ಫಿನಿಸ್ ಕಂಪನಿಯದು ನನಗೆ ಇಷ್ಟ. ಕಾಲಿಗೆ ಹಾಕುವ ಗಿಡ್ಡ ಫಿನ್ (ರಬ್ಬರ್ ರೆಕ್ಕೆ) ಕೂಡ ಓಕೆ, ಆದರೆ ಕೊನೆಯ ಒಂದೆರಡು ಲೆಂಗ್ತ್ ಬರಿಗಾಲಲ್ಲೇ ಆಗಬೇಕು.

ಗಾಗಲ್ಸ್ ಸೋರುತ್ತಿದೆಯಾ ನೋಡಿ. ಸೋರಿದರೆ ಮಗು ತಲೆ ಎತ್ತಿಯೇ ಈಜುತ್ತದೆ, ನೀವು ಎಷ್ಟು ಕೂಗಿದರೂ ಅಷ್ಟೇ. ಬ್ರಾಂಡ್ ಸ್ಪೀಡೊನೋ ಅರೀನಾನೋ ಮುಖ್ಯವಲ್ಲ. ಪಟ್ಟಿ ಹಾಕದೆ ಕಣ್ಣಿಗೆ ಒತ್ತಿದಾಗ ಕ್ಷಣ ಹೊತ್ತು ಅಂಟಿ ನಿಲ್ಲಬೇಕು. ಒಳಗಿನ ಗಾಜನ್ನು ಬೆರಳಲ್ಲಿ ಉಜ್ಜಬೇಡಿ, ಮಂಜು ತಡೆಯುವ ಲೇಪ ಹೋಗುತ್ತದೆ.

ನಿಮ್ಮ ವೀಡಿಯೊಗೆ ಉತ್ತರ ಬರೆದ ಇನ್ನೊಬ್ಬರು ಉಸಿರು ಕಟ್ಟಿ ಪೂರ್ತಿ ಲೆಂಗ್ತ್ ಹೊಡೆಸಿ ಎಂದಿದ್ದಾರೆ. ಸ್ವಾಮಿ, ಮಕ್ಕಳಿಗೆ ಇಂಥದ್ದು ಹೇಳಿಕೊಡಬೇಡಿ. ನೀರೊಳಗೆ ಮುನ್ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ.

ಮುಂದಿನ ತಿಂಗಳು ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕಾಲು ಒದೆಯುವ ಈಜು) ಶುರು ಅಂದಿರಿ. ಒಂದು ಪಾದ ಹೊರಗೆ ತಿರುಗದೆ ಕತ್ತರಿಯಂತೆ ಒದೆಯುವುದು ಬಹಳ ಮಕ್ಕಳಿಗೆ ಇರುತ್ತದೆ, ಸ್ಪರ್ಧೆಯಲ್ಲಿ ಅದಕ್ಕೆ ಅನರ್ಹ ಮಾಡುತ್ತಾರೆ. ಮೊದಲು ಅಂಚಿನಲ್ಲಿ ಕೂರಿಸಿ, ಕಾಲು ನೀರಿಗೆ ಬಿಟ್ಟು, ತನ್ನ ಪಾದ ತಾನೇ ನೋಡುತ್ತಾ ಕಿಕ್ ಮಾಡಲಿ. ಎರಡೂ ಪಾದ ಒಂದೇ ಥರ ತಿರುಗಿದ ಮೇಲೆ ನೀರಿಗಿಳಿಸಿ.