ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆರಿಬಿಯನ್ ಹಡಗುಯಾನ ಮತ್ತು ಸ್ನಾರ್ಕೆಲಿಂಗ್

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ಮೇ ತಿಂಗಳ ರಜೆಯಲ್ಲಿ ನಮ್ಮನ್ನೆಲ್ಲ ಕರೆಸಿಕೊಂಡು, ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಏಳು ರಾತ್ರಿಗಳ ಕ್ರೂಸ್ ಹಡಗಿನಲ್ಲಿ ಸುತ್ತಾಡಿಸುವುದಾಗಿ ಹೇಳಿದ್ದಾನೆ. ಹಡಗು ಹೊಂಡುರಾಸ್ ದೇಶದ ರೋವಟಾನ್, ಬೆಲೀಜ್ ಹಾಗೂ ಮೆಕ್ಸಿಕೋದ ಕೊಝುಮೆಲ್‌ನಲ್ಲಿ ನಿಲ್ಲುತ್ತದೆ. ಮೂರು ಕಡೆಯೂ ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತ ನೀರಿನೊಳಗೆ ನೋಡುವ ಪ್ರವಾಸಗಳ ದೊಡ್ಡ ಪಟ್ಟಿಯೇ ಇದೆ. ನನಗೆ, ನಮ್ಮ ಯಜಮಾನರಿಗೆ ಈಜು ಬಾರದು. 13 ವರ್ಷದ ಮಗಳು ಚೆನ್ನಾಗಿ ಈಜುತ್ತಾಳೆ, 8 ವರ್ಷದ ಮಗ ಈಗಷ್ಟೇ ಕಲಿಯುತ್ತಿದ್ದಾನೆ. 67 ವರ್ಷದ ಅತ್ತೆಯವರಿಗೆ ರಕ್ತದೊತ್ತಡವಿದೆ. ನಾವು ಯಾವುದನ್ನು ಆರಿಸಬೇಕು? ಹಡಗಿನವರಿಂದಲೇ ಕೊಳ್ಳಬೇಕೇ, ಹೊರಗೆ ಕೊಂಡರೂ ನಡೆದೀತೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ನಿಮ್ಮ ಮನೆಯಲ್ಲಿ ನೀರಿಗೆ ಅತಿ ಹೆಚ್ಚು ಅಂಜುವವರು ಯಾರು ಎಂಬುದನ್ನು ಮೊದಲು ಕಂಡುಕೊಳ್ಳಿ. ಪ್ರವಾಸವನ್ನು ಆರಿಸಬೇಕಾದದ್ದು ಅವರನ್ನು ಮುಂದಿಟ್ಟುಕೊಂಡೇ ಹೊರತು ಚೆನ್ನಾಗಿ ಈಜುವ ಮಗಳನ್ನು ನೋಡಿ ಅಲ್ಲ. ಒಬ್ಬರು ಬೋಟಿನ ಕಂಬಿ ಹಿಡಿದುಕೊಂಡು ನಡುಗುತ್ತಿದ್ದರೆ ಉಳಿದ ನಾಲ್ವರೂ ಮೀನು ನೋಡುವುದನ್ನು ಬಿಟ್ಟು ಅವರನ್ನೇ ನೋಡುತ್ತಿರುತ್ತಾರೆ.

ಈಜು ಬಾರದವರು ಸ್ನಾರ್ಕೆಲಿಂಗ್ ಮಾಡಬಹುದು. ಸಮುದ್ರದ ಉಪ್ಪುನೀರು ದೇಹವನ್ನು ನಮ್ಮ ಕಾವೇರಿಯ ಸಿಹಿನೀರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ, ಅದರ ಮೇಲೆ ಲೈಫ್ ಜಾಕೆಟ್ ಇರುತ್ತದೆ. ತೇಲುವುದು ಕಷ್ಟವಲ್ಲ. ಕಷ್ಟವಿರುವುದು, ಮುಖವನ್ನು ನೀರಿನೊಳಗಿಟ್ಟು, ಮೂಗನ್ನು ಮಾಸ್ಕಿನೊಳಗೆ ಮುಚ್ಚಿಕೊಂಡು, ಕೊಳವೆಯ ಮೂಲಕ ಬಾಯಿಯಿಂದ ಮಾತ್ರ ಉಸಿರಾಡುವುದರಲ್ಲಿ. ಮೊದಲ ಸಲ ಹೀಗೆ ಮಾಡುವಾಗ ಗಾಬರಿಯಾಗದವರು ಕಡಿಮೆ. ಆ ಗಾಬರಿಯನ್ನು ಹತ್ತು ಮೀಟರ್ ಆಳದ ಸಮುದ್ರದ ಮೇಲೆ ಎದುರಿಸುವುದಕ್ಕಿಂತ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಂಥ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು ಎದುರಿಸುವುದು ಎಷ್ಟೋ ಮೇಲು. ನಿಮ್ಮ ಐವರಲ್ಲಿ ನೀರಿಗೆ ಇಳಿಯುವವರೆಲ್ಲರೂ ಏಪ್ರಿಲ್‌ನಲ್ಲಿ ಮೂರು ನಾಲ್ಕು ದಿನ, ಈಜುಕೊಳದ ತರಬೇತುದಾರರಿಗೆ ಮೊದಲೇ ತಿಳಿಸಿ, ಮಾಸ್ಕ್ ಮತ್ತು ಕೊಳವೆಯನ್ನು ಹಾಕಿಕೊಂಡು ಅಭ್ಯಾಸ ಮಾಡಿ. ಕೊಳವೆಗೆ ನೀರು ನುಗ್ಗಿದಾಗ ಜೋರಾಗಿ ಊದಿ ಹೊರಹಾಕುವುದು ಹೇಗೆ, ಮಾಸ್ಕಿನೊಳಗೆ ನೀರು ಬಂದರೆ ತಲೆಯೆತ್ತಿ ಕೆಳಗಿನ ಅಂಚನ್ನು ಸಡಿಲಿಸಿ ಬಸಿಯುವುದು ಹೇಗೆ ಎಂಬ ಎರಡು ಸಂಗತಿಗಳು ಕೈಗೆ ಹತ್ತಿದರೆ ಅರ್ಧ ಭಯ ಇಲ್ಲೇ ಕಳೆಯುತ್ತದೆ.

ಮಾಸ್ಕನ್ನು ಸ್ವಂತಕ್ಕೆ ಕೊಂಡುಕೊಳ್ಳಿ, ಅದರಲ್ಲೂ ಮಗನಿಗೆ. ಬೋಟಿನಲ್ಲಿ ಕೊಡುವ ಮಾಸ್ಕುಗಳು ಸಾಮಾನ್ಯವಾಗಿ ದೊಡ್ಡವರ ಮುಖದ ಅಳತೆಯವು. ಪುಟ್ಟ ಮುಖಕ್ಕೆ ಅವು ಕೂರುವುದಿಲ್ಲ, ಎಷ್ಟು ಬಿಗಿದರೂ ನೀರು ಬರುತ್ತದೆ. ಪರೀಕ್ಷಿಸುವ ಬಗೆ ಸುಲಭ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೊಂಡಾಗ ಅದು ಕೈ ಬಿಟ್ಟರೂ ಬೀಳದೆ ನಿಂತರೆ ಆ ಮುಖಕ್ಕೆ ಸರಿಹೊಂದುತ್ತದೆ. ಇಡೀ ಮುಖ ಮುಚ್ಚುವ ಬಗೆಯ ಮಾಸ್ಕನ್ನು ಮಕ್ಕಳಿಗೆ ಕೊಡಿಸಬೇಡಿ. ಗಾಬರಿಯಾದಾಗ ಬಾಯಿಯ ಕೊಳವೆಯನ್ನು ಉಗುಳಿಬಿಡಬಹುದು. ಇಡೀ ಮುಖದ ಮಾಸ್ಕನ್ನಾದರೋ ತಲೆಯಿಂದಲೇ ಕಿತ್ತು ತೆಗೆಯಬೇಕಾಗುತ್ತದೆ.

ಇನ್ನು ಮೂರು ಬಂದರುಗಳ ವಿಷಯ. ಇವು ಮೂರೂ ಮೆಕ್ಸಿಕೋದಿಂದ ಹೊಂಡುರಾಸ್‌ವರೆಗೆ ಸುಮಾರು 1,000 ಕಿಲೋಮೀಟರ್ ಹಬ್ಬಿರುವ ಒಂದೇ ಹವಳದ ಸಾಲಿನ ಮೇಲಿವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ಟರೆ ಇದೇ ಜಗತ್ತಿನ ಎರಡನೆಯ ಅತಿ ಉದ್ದದ ತಡೆಗೋಡೆ ಹವಳಸಾಲು. ಆದ್ದರಿಂದ ಒಂದೆಡೆ ಕಂಡ ಮೀನುಗಳೇ ಬಹುಮಟ್ಟಿಗೆ ಇನ್ನೊಂದೆಡೆಯೂ ಕಾಣುತ್ತವೆ. ಬೇರೆಯಾಗುವುದು, ಹವಳವಿರುವ ಜಾಗಕ್ಕೆ ಹೋಗುವ ದಾರಿ, ನೀರಿನ ಸೆಳವು ಮತ್ತು ಕಾಲೂರಲು ನೆಲ ಸಿಗುತ್ತದೆಯೇ ಎಂಬುದು.

ನಿಮ್ಮ ಕುಟುಂಬಕ್ಕೆ ನಾನು ಮೊದಲು ಹೇಳುವುದು ರೋವಟಾನ್ ದ್ವೀಪವನ್ನು. ಅಲ್ಲಿನ ವೆಸ್ಟ್ ಬೇ ಕಡಲತೀರದಲ್ಲಿ ಹವಳವು ದಡಕ್ಕೆ ಬಹಳ ಹತ್ತಿರದಲ್ಲಿದೆ. ಬೋಟಿನಿಂದ ಧುಮುಕುವ ಅಗತ್ಯವಿಲ್ಲ. ಮರಳಿನ ಮೇಲೆ ನಡೆದುಕೊಂಡು ಸೊಂಟಮಟ್ಟದ ನೀರಿಗೆ ಹೋಗಿ, ಅಲ್ಲಿ ಮುಖವಿಟ್ಟು ಉಸಿರಾಟ ಹದಕ್ಕೆ ಬಂದ ಮೇಲೆ ಮಾರ್ಗದರ್ಶಿಯೊಂದಿಗೆ ಮುಂದೆ ಸಾಗಬಹುದು. ಭಯವಾದರೆ ಹಿಂದಿರುಗಿ ಮರಳಿನ ಮೇಲೆ ಕೂರಬಹುದು, ಅತ್ತೆಯವರು ನೆರಳಿನಲ್ಲಿ ಕುಳಿತು ಎಲ್ಲರನ್ನೂ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬಹುದು. ಪಟ್ಟಿಯಲ್ಲಿ ಕಡಲತೀರದ ದಿನ ಮತ್ತು ದಡದಿಂದಲೇ ಸ್ನಾರ್ಕೆಲಿಂಗ್ ಎಂಬರ್ಥದ ಪ್ರವಾಸ ಯಾವುದಿದೆ ನೋಡಿ. ಮೊದಲ ಅನುಭವ ಇಲ್ಲೇ ಆಗಲಿ.

ಕೊಝುಮೆಲ್‌ನ ನೀರು ಅಸಾಧಾರಣ ತಿಳಿಯಾಗಿರುತ್ತದೆ. ದ್ವೀಪದ ದಕ್ಷಿಣಕ್ಕಿರುವ ಪಲಂಕಾರ್ ಹವಳದ ಸಾಲು ಡೈವಿಂಗ್ ಮಾಡುವವರಿಗೆಲ್ಲ ಗೊತ್ತಿರುವ ಹೆಸರು, ಸುತ್ತಲಿನ ಪ್ರದೇಶ 1996ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಆದರೆ ಅಲ್ಲಿ ಸೆಳವು ಬಲವಾಗಿದೆ. ಒಂದು ಕಡೆ ನೀರಿಗಿಳಿದವರನ್ನು ಸೆಳವು ತಾನೇ ಒಯ್ಯುತ್ತದೆ, ಬೋಟು ಹಿಂದೆ ಬಂದು ಇನ್ನೊಂದು ಕಡೆ ಹತ್ತಿಸಿಕೊಳ್ಳುತ್ತದೆ. ಕಾಲು ಬಡಿಯುವ ಶ್ರಮವಿಲ್ಲದೆ ಹವಳದ ಮೇಲೆ ಹಾರಿದಂತಾಗುವ ಈ ಅನುಭವ ನಿಮ್ಮ ಮಗಳಿಗೂ ಅವಳ ಮಾವನಿಗೂ ತುಂಬ ಹಿಡಿಸೀತು. ನಿಮಗೆ ಮತ್ತು ಮಗನಿಗೆ ಬೇಡ. ನೀವು ಬಂದರಿನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರವಿರುವ ಚಂಕನಾಬ್ ಉದ್ಯಾನಕ್ಕೆ ಹೋಗಿ. ಅಲ್ಲಿ ಮೆಟ್ಟಿಲಿಳಿದು ನೀರಿಗೆ ಹೋಗಬಹುದು. ಎಲ್ ಸಿಯೆಲೋ ಎಂಬ ಬಿಳಿಮರಳಿನ ತಿಳಿನೀರಿನ ಜಾಗದ ಚಿತ್ರಗಳನ್ನೂ ನಿಮ್ಮ ಪಟ್ಟಿಯಲ್ಲಿ ಕಂಡಿರುತ್ತೀರಿ. ಅದು ಆಳವಿಲ್ಲದ ಸುಂದರ ಜಾಗ, ತಳದಲ್ಲಿ ನಕ್ಷತ್ರಮೀನುಗಳಿರುತ್ತವೆ. ಫೋಟೋಗಾಗಿ ಅವನ್ನು ನೀರಿನಿಂದ ಮೇಲೆತ್ತುವವರಿದ್ದಾರೆ. ನೀರಿನಲ್ಲಿ ಮಾತ್ರ ಉಸಿರಾಡಬಲ್ಲ ಆ ಜೀವ ಇದರಿಂದ ಸಾಯಬಹುದು ಎಂಬುದನ್ನು ಮಕ್ಕಳಿಗೆ ಹೊರಡುವ ಮುಂಚೆಯೇ ತಿಳಿಸಿ.

ಬೆಲೀಜ್‌ನಲ್ಲಿ ಹವಳ ಸಮೃದ್ಧವಾಗಿದೆ, ದಾರಿ ದೂರ. ಸಮುದ್ರ ಆಳವಿಲ್ಲದ ಕಾರಣ ದೊಡ್ಡ ಹಡಗುಗಳು ಬೆಲೀಜ್ ಸಿಟಿಯಿಂದ ಹಲವು ಕಿಲೋಮೀಟರ್ ಆಚೆಯೇ ಲಂಗರು ಹಾಕುತ್ತವೆ, ಸಣ್ಣ ಬೋಟುಗಳಲ್ಲಿ ದಡಕ್ಕೆ ಬರಬೇಕು. ಹೆಸರುವಾಸಿಯಾದ ಹೋಲ್ ಚಾನ್ ಸಂರಕ್ಷಿತ ಪ್ರದೇಶಕ್ಕೆ ಅಲ್ಲಿಂದ ಮತ್ತೆ ಒಂದು ಗಂಟೆಗೂ ಹೆಚ್ಚು ಕಾಲ ವೇಗದ ಬೋಟಿನಲ್ಲಿ ಎದ್ದು ಬಿದ್ದು ಹೋಗಬೇಕು. ಬೆಲೀಜ್‌ನವರು 1987ರಲ್ಲೇ ಈ ಜಾಗವನ್ನು ಮೀಸಲಿಟ್ಟರು. ತಮ್ಮ ಕಡಲಿನಲ್ಲಿ ತೈಲ ಹುಡುಕುವುದನ್ನೇ ನಿಲ್ಲಿಸಿದ ಮೇಲೆ 2018ರಲ್ಲಿ ಅವರ ಹವಳಸಾಲು ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಯಿಂದ ಹೊರಬಂತು. ಅಂಥ ಜಾಗವನ್ನು ನೋಡಬೇಕೆನಿಸುವುದು ಸಹಜವೇ. ಆದರೂ ನೀವು ಈ ಬಂದರಿನಲ್ಲಿ ಸ್ನಾರ್ಕೆಲಿಂಗ್ ಬಿಟ್ಟು ಒಳನಾಡಿನ ಮಾಯಾ ಜನರ ಪ್ರಾಚೀನ ಕಟ್ಟಡಗಳನ್ನು ನೋಡಿ ಬನ್ನಿ ಎಂದೇ ನನ್ನ ಸಲಹೆ. ಮೂರು ದಿನ ಸತತವಾಗಿ ಬಿಸಿಲು, ಉಪ್ಪುನೀರುಗಳಲ್ಲಿ ಕಳೆದರೆ ಮಕ್ಕಳು ಬಸವಳಿಯುತ್ತಾರೆ.

ಪ್ರವಾಸದ ಒಟ್ಟು ಅವಧಿಯನ್ನು ನೋಡಿ ಹಣ ಕಟ್ಟಬೇಡಿ. ನೀರಿನಲ್ಲಿ ಎಷ್ಟು ಹೊತ್ತು ಇರುತ್ತೇವೆ ಎಂದು ಕೇಳಿ. ನಾನು ಮೊದಲ ಸಲ ಮನೆಮಂದಿಯೊಂದಿಗೆ ಇಂಥ ಹಡಗಿನಲ್ಲಿ ಹೋದಾಗ ಒಂದೇ ಟಿಕೆಟ್ಟಿನಲ್ಲಿ ಮೂರು ಆಕರ್ಷಣೆಗಳೆಂಬ ಪ್ರವಾಸವನ್ನು ಆರಿಸಿಕೊಂಡಿದ್ದೆ. ನಾಲ್ಕು ಗಂಟೆಗಳಲ್ಲಿ ನಾವು ನೀರಿನಲ್ಲಿದ್ದದ್ದು 25 ನಿಮಿಷ, ಅದರಲ್ಲೂ ಹತ್ತು ನಿಮಿಷ ಅಣ್ಣನ ಮಗನ ಮಾಸ್ಕನ್ನು ಸರಿಪಡಿಸುವುದರಲ್ಲೇ ಕಳೆಯಿತು. ಆ ಹುಡುಗ ಒಂದು ಮೀನನ್ನೂ ನೋಡದೆ ಹಿಂದಿರುಗಿದ್ದು ಇಂದಿಗೂ ನನ್ನ ಮನಸ್ಸಿನಲ್ಲಿದೆ. ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ, ಅವರು ನೀರಿಗಿಳಿದು ಜೊತೆಗೆ ಬರುತ್ತಾರೆಯೇ ಅಥವಾ ಬೋಟಿನ ಮೇಲಿಂದ ನೋಡುತ್ತಾರೆಯೇ, ಎಷ್ಟು ವಯಸ್ಸಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂಬುದನ್ನೂ ಬರಹದಲ್ಲಿಯೇ ಕೇಳಿ ತಿಳಿಯಿರಿ.

ಹಡಗಿನವರಿಂದ ಕೊಂಡರೆ ಬೆಲೆ ಸಾಮಾನ್ಯವಾಗಿ ಹೆಚ್ಚು, ಗುಂಪೂ ದೊಡ್ಡದು. ಆದರೆ ಅವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರೊಂದಿಗೆ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಆದ್ದರಿಂದ ಬೋಟು ಹತ್ತಬೇಕಾದ ಬೆಲೀಜ್‌ನಲ್ಲಿ ಹಡಗಿನವರದೇ ಇರಲಿ. ರೋವಟಾನ್‌ನಲ್ಲೂ ಕೊಝುಮೆಲ್‌ನಲ್ಲೂ ದಡದಲ್ಲೇ ಇರುವುದರಿಂದ ಹೊರಗಿನವರೊಂದಿಗೆ ಸಣ್ಣ ಗುಂಪಿನಲ್ಲಿ ಹೋಗಿ, ಕೊನೆಯ ಗಡುವಿಗಿಂತ ಎರಡು ಗಂಟೆ ಮೊದಲೇ ಹಿಂದಿರುಗುವ ಏರ್ಪಾಡು ಮಾಡಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೇ ತಿಂಗಳಿನಲ್ಲಿ ರೋವಟಾನ್ ಮತ್ತು ಬೆಲೀಜ್‌ಗಳ ಸಮಯ ಗ್ಯಾಲ್ವೆಸ್ಟನ್ ಸಮಯಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಹಡಗು ಗ್ಯಾಲ್ವೆಸ್ಟನ್ ಸಮಯವನ್ನೇ ಉಳಿಸಿಕೊಂಡಿದ್ದರೆ, ತಾನಾಗಿ ಬದಲಾದ ಫೋನು ಮೂರು ಗಂಟೆ ತೋರಿಸುವಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಇಳಿಯುವ ಮುಂಚೆ ಹಡಗಿನ ಗಡಿಯಾರಕ್ಕೆ ಕೈಗಡಿಯಾರವನ್ನು ಹೊಂದಿಸಿ, ಅದನ್ನೇ ನಂಬಿ.

ಅತ್ತೆಯವರ ರಕ್ತದೊತ್ತಡ ಹತೋಟಿಯಲ್ಲಿದ್ದರೂ ಅವರ ವೈದ್ಯರ ಒಪ್ಪಿಗೆಯಿಲ್ಲದೆ ಅವರನ್ನು ನೀರಿಗಿಳಿಸಬೇಡಿ. ಸ್ನಾರ್ಕೆಲಿಂಗ್ ಮಾಡುವಾಗ ಪ್ರಾಣ ಕಳೆದುಕೊಂಡವರಲ್ಲಿ ಹೃದಯದ ತೊಂದರೆಯಿದ್ದ ಹಿರಿಯರು ಗಣನೀಯವಾಗಿದ್ದಾರೆ. ಕೊಳವೆಯಲ್ಲಿ ಉಸಿರೆಳೆಯುವ ಶ್ರಮ, ಆತಂಕ, ಅಲೆ ಇವೆಲ್ಲ ಒಟ್ಟಿಗೆ ಬಂದಾಗ ಹೃದಯದ ಮೇಲೆ ಭಾರ ಬೀಳುತ್ತದೆ. ಹಾಗೆಂದು ಅವರು ದಡದಲ್ಲೇ ಉಳಿಯಬೇಕಾಗಿಲ್ಲ. ತಳದಲ್ಲಿ ಗಾಜು ಕೂರಿಸಿದ ಬೋಟುಗಳಿವೆ, ಕೊಝುಮೆಲ್‌ನಲ್ಲಿ ಪ್ರವಾಸಿಗರನ್ನು ಸುಮಾರು 100 ಅಡಿ ಆಳಕ್ಕೆ ಕರೆದೊಯ್ಯುವ ಸಬ್‌ಮರೀನ್ ಕೂಡ ಇದೆ. ಸೀರೆಯಲ್ಲೇ ಕುಳಿತು ಗಾಜಿನ ಕಿಟಕಿಯಿಂದ ಹವಳ ನೋಡಬಹುದು; ಏಣಿ ಇಳಿದು ಹತ್ತಬೇಕಾಗುತ್ತದೆ ಎಂಬುದೊಂದನ್ನು ಅವರ ಮಂಡಿಯ ಶಕ್ತಿಯೊಂದಿಗೆ ತೂಗಿ ನೋಡಿ.

ಹಡಗು ಅಮೆರಿಕವನ್ನು ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ನಿಮ್ಮ ಅಮೆರಿಕದ ವೀಸಾ ಹಲವು ಬಾರಿಯ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಲೇಬೇಕು. ಉಳಿದ ದೇಶಗಳ ನಿಯಮವನ್ನು ಭಾರತದ ಪಾಸ್‌ಪೋರ್ಟ್ ಎಂದು ಸ್ಪಷ್ಟವಾಗಿ ತಿಳಿಸಿ ಹಡಗಿನ ಕಂಪನಿಯಿಂದ ಪತ್ರಮುಖೇನ ಪಡೆಯಿರಿ.

ಪ್ರಶ್ನೆ: ಕನ್ನಡಕವಿಲ್ಲದೆ ನನಗೆ ಎದುರಿಗಿರುವವರ ಮುಖವೂ ಕಾಣುವುದಿಲ್ಲ. ಸ್ನಾರ್ಕೆಲಿಂಗ್‌ಗೆ ಹಣ ಕೊಟ್ಟು ಏನೂ ಕಾಣದಿದ್ದರೆ? ದಸರಾ ರಜೆಯಲ್ಲಿ ಮಗಳ ಮನೆಗೆ ಫ್ಲಾರಿಡಾಕ್ಕೆ ಹೋಗಿ, ಅಲ್ಲಿಂದ ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್ ಕಡೆಗೆ ಹೋಗುವ ಹಡಗು ಹತ್ತುವ ಯೋಚನೆಯಿದೆ.
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮಾಸ್ಕಿನೊಳಗೆ ಕನ್ನಡಕ ಹಾಕಿಕೊಳ್ಳಲಾಗುವುದಿಲ್ಲ, ಅದರ ಕಡ್ಡಿಗಳ ಸಂದಿಯಿಂದ ನೀರು ಬರುತ್ತದೆ. ಪವರ್ ಇರುವ ಮಸೂರಗಳನ್ನೇ ಕೂರಿಸಿದ ಮಾಸ್ಕುಗಳು ಸಿಗುತ್ತವೆ, ಸಮೀಪದೃಷ್ಟಿಯವರಿಗೆ ಅರ್ಧ ಅರ್ಧ ಪವರಿನ ಅಂತರದಲ್ಲಿ ಸಿದ್ಧ ಮಸೂರಗಳಿವೆ. ನೀರಿನೊಳಗೆ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ನಿಖರ ಪವರಿಗಿಂತ ತುಸು ಕಡಿಮೆಯಿದ್ದರೂ ಸಾಕಾಗುತ್ತದೆ. ಮೀಸೆಯಿದ್ದರೆ ಮೂಗಿನ ಕೆಳಗಿನ ಅಂಚನ್ನು ಸ್ವಲ್ಪ ಕತ್ತರಿಸಿಕೊಳ್ಳಿ, ಮಾಸ್ಕ್ ಸೋರುವುದು ಅಲ್ಲಿಂದಲೇ.

ಕಾಲದ ಬಗ್ಗೆ ನನಗೆ ಆತಂಕವಿದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತಗಳ ಕಾಲ, ನಮ್ಮ ದಸರಾ ಸರಿಯಾಗಿ ಅದರೊಳಗೆ ಬೀಳುತ್ತದೆ. ಚಂಡಮಾರುತ ಬಂದರೆ ಹಡಗಿನವರು ಬಂದರನ್ನೇ ಬದಲಾಯಿಸುತ್ತಾರೆ. ಹೊರಗಿನವರಿಗೆ ಮುಂಗಡ ಕೊಟ್ಟಿದ್ದರೆ ಅದನ್ನು ಮರಳಿ ಪಡೆಯುವ ಷರತ್ತನ್ನು ಮೊದಲೇ ಓದಿಕೊಂಡಿರಬೇಕು. ಸಂಕ್ರಾಂತಿಯ ನಂತರ ಏಪ್ರಿಲ್‌ವರೆಗಿನ ದಿನಗಳಿಗೆ ಮುಂದೂಡಲು ಸಾಧ್ಯವಾದರೆ ಒಳ್ಳೆಯದು. ಸೇಂಟ್ ಥಾಮಸ್‌ಗೆ ಹೋದಾಗ ಪಕ್ಕದ ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇಗೆ ಹೋಗುವ ಪ್ರವಾಸ ಸಿಕ್ಕರೆ ಬಿಡಬೇಡಿ. ಅಲ್ಲಿ ನೀರಿನ ತಳದಲ್ಲಿ ಫಲಕಗಳನ್ನು ನೆಟ್ಟು, ಯಾವ ಹವಳ, ಯಾವ ಮೀನು ಎಂದು ಓದಿಕೊಂಡು ಈಜುವಂಥ ಹಾದಿಯನ್ನೇ ಮಾಡಿದ್ದಾರೆ. ಪಾಠ ಹೇಳಿದವರಿಗೆ ಅದು ಮೆಚ್ಚುಗೆಯಾಗುತ್ತದೆ. ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿಯೆಂದು ಆ ದ್ವೀಪಗಳಲ್ಲಿ 2020ರಿಂದ ನಿಷೇಧವಿದೆ. ತುಂಬುತೋಳಿನ ಈಜುಡುಗೆ ತೊಟ್ಟರೆ ಸನ್‌ಸ್ಕ್ರೀನ್ ಬಹುಪಾಲು ಬೇಕಾಗುವುದೇ ಇಲ್ಲ. ಮುಖ ಕೆಳಗೆ ಮಾಡಿ ತೇಲುವಾಗ ಬಿಸಿಲಿಗೆ ಬೇಯುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ.

ಪ್ರಶ್ನೆ: ಹುಡುಗನಾಗಿದ್ದಾಗಿನಿಂದ ಕಾವೇರಿಯಲ್ಲಿ ಈಜಿದವನು ನಾನು. ಕೊಝುಮೆಲ್‌ಗೆ ಹೋಗುವ ನಮ್ಮ ಗುಂಪಿನಲ್ಲಿ ನನಗೂ ಲೈಫ್ ಜಾಕೆಟ್ ಬೇಕೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೇಕು. ನದಿಯಲ್ಲಿ ಎಷ್ಟೇ ಸೆಳವಿದ್ದರೂ ಎರಡು ಬದಿಗೂ ದಡವಿರುತ್ತದೆ, ಕೊಝುಮೆಲ್‌ನ ಸೆಳವಿಗೆ ಪಕ್ಕದಲ್ಲಿ ದಡವಿಲ್ಲ. ಜಾಕೆಟ್ ತೊಟ್ಟವರು ದಣಿದಾಗ ಸುಮ್ಮನೆ ತೇಲುತ್ತಾರೆ. ತೊಡದವರು ದಣಿದಾಗ ಕಾಲೂರಲು ಹವಳವನ್ನು ಹುಡುಕುತ್ತಾರೆ. ಹವಳವೆಂಬುದು ಕಲ್ಲಲ್ಲ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜಾತಿಗಳೂ ಇರುವ ಜೀವಿಗಳ ಸಮೂಹ. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ರೋಗವೊಂದು 2018ರ ಹೊತ್ತಿಗೆ ಕೊಝುಮೆಲ್ ತಲುಪಿ ಅಲ್ಲಿನ ಹವಳವನ್ನು ಸಾಕಷ್ಟು ಕೊಂದಿದೆ, ಉಳಿದಿರುವುದರ ಮೇಲೆ ನಮ್ಮ ಕಾಲು ಬೀಳಬಾರದು. ನದಿಯಲ್ಲಿ ಕೈ ಬೀಸುವ ಅಭ್ಯಾಸವನ್ನೂ ಅಲ್ಲಿ ಬಿಡಿ. ಕೈಗಳನ್ನು ಮೈಗೆ ಸೇರಿಸಿಕೊಂಡು, ಸೊಂಟದಿಂದ ನಿಧಾನವಾಗಿ ಕಾಲಾಡಿಸಿ; ಮೀನುಗಳು ಓಡುವುದಿಲ್ಲ, ಹತ್ತಿರಕ್ಕೇ ಬರುತ್ತವೆ. ನಿಮ್ಮ ಗುಂಪಿನಲ್ಲಿ ಈಜು ಬಾರದವರಿದ್ದರೆ ಅವರ ಪಕ್ಕದಲ್ಲಿ, ಸೆಳವು ಹರಿಯುವ ದಿಕ್ಕಿನ ಕಡೆಗೆ ನೀವಿರಿ. ಅವರು ತೇಲಿ ಹೋದರೂ ನಿಮ್ಮ ಕಡೆಗೇ ಬರುತ್ತಾರೆ.